ನಿಜ ಹೇಳಿದರೂ ಅದು ಚಾಡಿಯಾಗುತ್ತದಾ?

ಪ್ರಶ್ನೆ: ಮೇಷ್ಟ್ರೇ, ನಾನು ಮಂಡ್ಯದವಳು. ನಮ್ಮ ಚರ್ಚಿನ ಮಹಿಳಾ ಕೂಟದ ದುಡ್ಡಿನ ಲೆಕ್ಕ ಮೂರು ವರ್ಷದಿಂದ ನನ್ನ ಕೈಯಲ್ಲಿದೆ. ಕ್ರಿಸ್ಮಸ್ ಕಳೆದ ಮೇಲೆ ಕೂಟದ ಒಬ್ಬರು ಪ್ರಾರ್ಥನೆಯ ವಾಟ್ಸಾಪ್ ಗ್ರೂಪಿನಲ್ಲಿ "ನಮ್ಮ ಸಹೋದರಿಯೊಬ್ಬರಿಗೆ ಹಣದಾಸೆ ಬಿಟ್ಟುಹೋಗಲಿ ಎಂದು ಪ್ರಾರ್ಥಿಸಿ" ಅಂತ ಹಾಕಿದರು. ಹೆಸರಿಲ್ಲ, ಆದರೆ ಯಾರ ಬಗ್ಗೆ ಅಂತ ಎಲ್ಲರಿಗೂ ಗೊತ್ತಾಯಿತು. ನನ್ನ ಲೆಕ್ಕ ಸರಿಯಾಗೇ ಇದೆ. ಸಿಟ್ಟಿನಲ್ಲಿ ನಾನೂ ಅವರ ಮಗ ಸಾಲ ಮಾಡಿ ಊರು ಬಿಟ್ಟ ವಿಷಯವನ್ನು ಇಬ್ಬರು ಮೂವರ ಹತ್ತಿರ ಹೇಳಿಬಿಟ್ಟೆ. ಅದು ಸುಳ್ಳಲ್ಲ. ನಮ್ಮ ಯಜಮಾನರು ಕೇಸ್ ಹಾಕೋಣ ಅನ್ನುತ್ತಾರೆ. ಚರ್ಚಿನ ಅಯ್ಯನವರು ಸುಮ್ಮನಿರಿ, ದೇವರು ನೋಡಿಕೊಳ್ಳುತ್ತಾನೆ ಅನ್ನುತ್ತಾರೆ. ಬೈಬಲ್ ಏನು ಹೇಳುತ್ತದೆ?

ಉತ್ತರ: ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಮೇಲೆ ಬಂದ ಮಾತೇ ಕಣ್ಣಿಗೆ ಬಿತ್ತು. ಎರಡನೇ ಸಲ ಓದುವಾಗ, ನಡುವೆ ಸಣ್ಣದಾಗಿ ಸೇರಿಸಿದ್ದೀರಲ್ಲ, "ಅದು ಸುಳ್ಳಲ್ಲ" ಅಂತ, ಅಲ್ಲಿ ನಿಂತುಬಿಟ್ಟೆ. ಅಲ್ಲಿಂದಲೇ ಶುರು ಮಾಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಚಾಡಿ ಅಂದರೆ ಸುಳ್ಳು ಹೇಳುವುದು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಸುಳ್ಳಿಗೆ ಬೈಬಲ್ಲಿನಲ್ಲಿ ಬೇರೆಯೇ ಆಜ್ಞೆ ಇದೆ. ಹತ್ತು ಆಜ್ಞೆಗಳಲ್ಲಿ ಬರುವ "ಸುಳ್ಳು ಸಾಕ್ಷಿ ಹೇಳಬೇಡ" ಎಂಬುದು (ವಿಮೋಚನಕಾಂಡ 20:16). ಅದು ಮುಖ್ಯವಾಗಿ ನ್ಯಾಯ ತೀರ್ಮಾನ ನಡೆಯುವ ಜಾಗದ ಮಾತು. ಚಾಡಿಯ ಆಜ್ಞೆ ಇರುವುದು ಯಾಜಕಕಾಂಡ 19:16ರಲ್ಲಿ. ಅಲ್ಲಿ ನಿಜವೋ ಸುಳ್ಳೋ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ನಿನ್ನ ಜನರ ನಡುವೆ ಚಾಡಿಕೋರನಾಗಿ ತಿರುಗಾಡಬೇಡ, ಅಷ್ಟೇ. ಹೀಬ್ರೂ ಭಾಷೆಯಲ್ಲಿ ಈ ಚಾಡಿಗೆ ಇರುವ ಪದ 'ರಾಖೀಲ್'. ಅದಕ್ಕೆ ತೀರಾ ಹತ್ತಿರದ ಇನ್ನೊಂದು ಪದಕ್ಕೆ ಊರೂರು ಸುತ್ತುವ ವ್ಯಾಪಾರಿ ಎಂಬ ಅರ್ಥ ಇದೆ. ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿ ಬೀದಿಯಲ್ಲಿ ಕೂಗುತ್ತಾರಲ್ಲ, ಹಾಗೆ. ಈ ಮನೆಯಲ್ಲಿ ಸಿಕ್ಕ ಸರಕನ್ನು ಆ ಮನೆಯಲ್ಲಿ ಇಳಿಸುವುದು. ಸರಕು ಅಸಲಿಯೇ ಇರಬಹುದು. ತಪ್ಪಿರುವುದು ಹೊತ್ತು ತಿರುಗುವುದರಲ್ಲಿ.

ಅದರ ಮುಂದಿನ ಎರಡು ವಚನಗಳನ್ನೂ ಜೊತೆಗೇ ಓದಿ. ನಾವು ಒಂದೊಂದನ್ನೇ ಕಿತ್ತು ಕ್ಯಾಲೆಂಡರಿಗೆ ಹಾಕಿಕೊಂಡುಬಿಟ್ಟಿದ್ದೇವೆ. 16ರಲ್ಲಿ ಚಾಡಿ ಹೇಳಬೇಡ. 17ರಲ್ಲಿ ನಿನ್ನ ಸಹೋದರನನ್ನು ಮನಸ್ಸಿನೊಳಗೇ ದ್ವೇಷಿಸಬೇಡ, ತಪ್ಪಿದ್ದರೆ ಅವನಿಗೇ ಹೇಳು. 18ರಲ್ಲಿ ಸೇಡು ತೀರಿಸಿಕೊಳ್ಳಬೇಡ, ನಿನ್ನಂತೆಯೇ ನಿನ್ನ ನೆರೆಯವನನ್ನೂ ಪ್ರೀತಿಸು. ಆ ಕೊನೆಯ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಚಾಡಿಯ ಮಾತಿನ ಬೆನ್ನಿಗೇ ಬಂದದ್ದು ಅನ್ನುವುದು ಎಷ್ಟು ಜನಕ್ಕೆ ನೆನಪಿದೆ? ಈ ಮೂರನ್ನೂ ಒಟ್ಟಿಗೆ ಓದಿದರೆ ಒಂದು ವಿಷಯ ಗೊತ್ತಾಗುತ್ತದೆ. ಬೈಬಲ್ ಕೇಳುವುದು ಸುಮ್ಮನಿರು ಅಂತ ಅಲ್ಲ. ಮಾತು ಯಾರ ಹತ್ತಿರ ಹೋಗಬೇಕಿತ್ತೋ ಅವರ ಹತ್ತಿರವೇ ಹೋಗಲಿ ಅಂತ. ವಿಳಾಸ ತಪ್ಪಿದ ಮಾತು ಚಾಡಿ.

ನಿಜವೇ ಎಷ್ಟು ಕೊಲ್ಲಬಹುದು ಅನ್ನುವುದಕ್ಕೆ ದೋಯೇಗನ ಕಥೆ ಇದೆ. ಒಂದನೇ ಸಮುವೇಲ 21 ಮತ್ತು 22ನೇ ಅಧ್ಯಾಯ. ಸಂಡೇ ಸ್ಕೂಲಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಮಕ್ಕಳಿಗೆ ಹೇಳುವಂಥ ಕಥೆಯೂ ಅಲ್ಲ ಬಿಡಿ. ಅರಸ ಸೌಲನಿಂದ ತಪ್ಪಿಸಿಕೊಂಡು ಓಡುತ್ತಿದ್ದ ದಾವೀದ ನೋಬ್ ಎಂಬ ಊರಿಗೆ ಬರುತ್ತಾನೆ. ಅಲ್ಲಿನ ಯಾಜಕ ಅಹೀಮೆಲೆಕ. ಅವನಿಗೆ ದಾವೀದ, ಅರಸನ ಗುಟ್ಟಿನ ಕೆಲಸದ ಮೇಲೆ ಬಂದಿದ್ದೇನೆ ಅಂತ ಸುಳ್ಳು ಹೇಳುತ್ತಾನೆ. ಯಾಜಕ ನಂಬುತ್ತಾನೆ. ರೊಟ್ಟಿ ಕೊಡುತ್ತಾನೆ, ಗೊಲ್ಯಾತನ ಕತ್ತಿಯನ್ನೂ ಕೊಡುತ್ತಾನೆ. ಸೌಲನ ಕುರುಬರ ಮುಖ್ಯಸ್ಥ ದೋಯೇಗ ಅವತ್ತು ಅಲ್ಲೇ ಇದ್ದ. ಎಲ್ಲ ನೋಡಿದ.

ಆಮೇಲೆ ಸೌಲ ತನ್ನವರ ಮುಂದೆ ಕೂತು, ನನಗೆ ಯಾರೂ ಏನೂ ಹೇಳುವುದಿಲ್ಲ ಅಂತ ಗೋಳಾಡುತ್ತಾನೆ. ಆಗ ದೋಯೇಗ ಬಾಯಿ ಬಿಡುತ್ತಾನೆ. ದಾವೀದ ನೋಬಿಗೆ ಬಂದಿದ್ದ. ಅಹೀಮೆಲೆಕ ಅವನಿಗೆ ಊಟ ಕೊಟ್ಟ, ಕತ್ತಿ ಕೊಟ್ಟ. ಎರಡೂ ನಡೆದದ್ದೇ. ಆದರೆ ಯಾಜಕ ಮೋಸ ಹೋಗಿದ್ದ, ಅರಸನ ಕೆಲಸ ಅಂತ ನಂಬಿ ಕೊಟ್ಟಿದ್ದ ಅನ್ನುವ ತುಂಡು ದೋಯೇಗನ ಮಾತಿನಲ್ಲಿ ಇಲ್ಲ. ಆ ತುಂಡು ಇಲ್ಲದೆ ಹೋದದ್ದಕ್ಕೆ 85 ಯಾಜಕರು ಒಂದೇ ದಿನ ಸತ್ತರು. ಅರಸನ ಸಿಪಾಯಿಗಳು ಯಾಜಕರ ಮೇಲೆ ಕೈ ಮಾಡಲು ಒಪ್ಪಲಿಲ್ಲ. ಹೇಳಿದವನೇ ಕತ್ತಿ ಹಿಡಿದ. 52ನೇ ಕೀರ್ತನೆಯ ತಲೆಬರಹದಲ್ಲಿ ಈ ಘಟನೆಯ ಹೆಸರಿದೆ. ಅಲ್ಲಿ ನಾಲಿಗೆಯನ್ನು ಮಸೆದ ಕ್ಷೌರದ ಕತ್ತಿಗೆ ಹೋಲಿಸಿದ್ದಾರೆ.

ನಿಮ್ಮನ್ನು ದೋಯೇಗನ ಪಕ್ಕದಲ್ಲಿ ಕೂರಿಸುತ್ತಿಲ್ಲ. ಆದರೆ ಒಂದು ಕೇಳುತ್ತೇನೆ. ಆ ಹುಡುಗ ಸಾಲ ಮಾಡಿ ಊರು ಬಿಟ್ಟ ಅಂತ ಹೇಳಿದಿರಿ. ಸಾಲ ಯಾಕಾಯಿತು, ಈಗ ಎಲ್ಲಿದ್ದಾನೆ, ಅವರಮ್ಮ ಬಡ್ಡಿ ಕಟ್ಟುತ್ತಿದ್ದಾರಾ, ಇದೆಲ್ಲ ಹೇಳಿದಿರಾ? ಗೊತ್ತಿದ್ದರೂ ಹೇಳಿರಲಿಕ್ಕಿಲ್ಲ. ಸಿಟ್ಟಿನಲ್ಲಿ ಹೇಳುವ ನಿಜದಿಂದ ಇಂಥವೇ ಮೊದಲು ಉದುರಿಹೋಗುತ್ತವೆ.

ಇನ್ನು ಆ ವಾಟ್ಸಾಪ್ ಪ್ರಾರ್ಥನೆ. ಓದಿ ನನಗೂ ಸಿಟ್ಟೇ ಬಂತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೆಸರು ಹಾಕಿಲ್ಲ, ಹಾಗಾಗಿ ಕೇಳಿದರೆ "ನಿಮ್ಮ ಬಗ್ಗೆ ಅಂತ ನಾನು ಹೇಳಿದೆನಾ?" ಅನ್ನಬಹುದು. ದೇವರ ಹೆಸರಿದೆ, ಹಾಗಾಗಿ ಯಾರೂ ಬೈಯುವಂತಿಲ್ಲ. ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ (12:20) ಜಗಳ, ಹೊಟ್ಟೆಕಿಚ್ಚು, ಚಾಡಿ ಇವುಗಳ ಸಾಲಿನಲ್ಲಿ ಪಿಸುಮಾತನ್ನೂ ಸೇರಿಸಿದ್ದಾನೆ. ಗ್ರೀಕಿನಲ್ಲಿ ಅದು 'ಪ್ಸಿಥುರಿಸ್ಮೊಸ್'. ಬಾಯಲ್ಲಿ ಒಂದು ಸಲ ಹೇಳಿ ನೋಡಿ, ಪದವೇ ಕಿವಿಯ ಹತ್ತಿರ ಬಂದು ಪಿಸುಗುಟ್ಟುತ್ತದೆ. ನಮ್ಮ 'ಗುಸುಗುಸು' ಇದ್ದ ಹಾಗೆ.

ಮಂಡ್ಯದವರ ಮಾತು ಒರಟು ಅಂತ ಮೈಸೂರಿನಲ್ಲಿ ಕೂತ ನಾವು ನಗುತ್ತೇವೆ. ನನ್ನ ತಾಯಿಯ ಊರೂ ಆ ಕಡೆಯೇ, ಹಾಗಾಗಿ ಹೇಳುವ ಹಕ್ಕಿದೆ ಅಂದುಕೊಳ್ಳುತ್ತೇನೆ. ಗದ್ದೆಯ ಬದುವಿನ ಮೇಲೆ ನಿಂತು ಎದುರಿಗೇ ಕೂಗಾಡುವುದು ಚೆನ್ನಾಗಿರುವುದಿಲ್ಲ, ನಿಜ. ಸಹೋದರನನ್ನು ಮೂರ್ಖ ಅನ್ನುವುದಕ್ಕೂ ಯೇಸು ಕಟುವಾಗಿಯೇ ಎಚ್ಚರಿಕೆ ಕೊಟ್ಟಿದ್ದಾನೆ (ಮತ್ತಾಯ 5:22). ಆದರೂ ಆ ಮಾತು ಕನಿಷ್ಠ ಸರಿಯಾದ ವಿಳಾಸಕ್ಕೆ ಹೋಗುತ್ತದೆ. ನಮ್ಮ ಮೈಸೂರಿನ ನಯದ ಮಾತಿದೆಯಲ್ಲ, "ಅಯ್ಯೋ ಪಾಪ, ನನಗ್ಯಾಕೆ, ಆದರೂ ನಿಮಗೆ ಗೊತ್ತಿರಲಿ ಅಂತ ಹೇಳಿದೆ", ಅದಕ್ಕೆ 55ನೇ ಕೀರ್ತನೆಯ 21ನೇ ವಚನ ಸರಿಯಾಗಿ ಹೊಂದುತ್ತದೆ. ಬಾಯಿ ಬೆಣ್ಣೆಗಿಂತ ನುಣುಪು, ಒಳಗೆ ಯುದ್ಧ.

ನಿಮ್ಮ ಕಡೆ ಆಲೆಮನೆ ನೋಡಿರುತ್ತೀರಿ. ಚಿಕ್ಕವನಿದ್ದಾಗ ರಜೆಗೆ ಹೋದರೆ ನಾನು ಬೆಲ್ಲದ ಆಸೆಗೆ ಅಲ್ಲೇ ಬಿದ್ದಿರುತ್ತಿದ್ದೆ. ಎಲ್ಲರ ಕಣ್ಣೂ ಕೊಪ್ಪರಿಗೆಯ ಮೇಲೆ. ಕಬ್ಬಿನ ಹಾಲು ಕುದಿಯುತ್ತಿದೆ, ನೊರೆ ತೆಗೆಯುತ್ತಿದ್ದಾರೆ, ಪಾಕ ಬಂತಾ ಅಂತ ನೋಡುತ್ತಿದ್ದಾರೆ. ಕೆಳಗೆ ಒಲೆಯ ಬಾಯಿಯ ಹತ್ತಿರ ಒಬ್ಬ ಕೂತಿರುತ್ತಾನೆ. ಬಿಸಿಲಿಗೆ ಒಣಗಿಸಿದ ಕಬ್ಬಿನ ಸಿಪ್ಪೆಯನ್ನು ಕಂತೆ ಕಂತೆಯಾಗಿ ಒಳಗೆ ತಳ್ಳುವುದೇ ಅವನ ಕೆಲಸ. ಅವನನ್ನು ಯಾರೂ ನೋಡುವುದಿಲ್ಲ. ಅವನು ಬೀಡಿ ಸೇದಲು ಎದ್ದು ಹೋದ ಅಂತಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿಗೆಲ್ಲ ಕುದಿ ಇಳಿದು ಮೇಲಿನವನು ಕೂಗುತ್ತಾನೆ. ಸಿಪ್ಪೆ ಅಷ್ಟು ಬೇಗ ಉರಿದು ಹೋಗುವ ವಸ್ತು.

ಜ್ಞಾನೋಕ್ತಿಗಳು 26:20 ಓದುವಾಗೆಲ್ಲ ನನಗೆ ಆ ಮನುಷ್ಯ ನೆನಪಾಗುತ್ತಾನೆ. ಸೌದೆ ಇಲ್ಲದಿದ್ದರೆ ಬೆಂಕಿ ಆರುತ್ತದೆ, ಚಾಡಿಕೋರ ಇಲ್ಲದಿದ್ದರೆ ಜಗಳ ತಣ್ಣಗಾಗುತ್ತದೆ. ಒಂದು ಮೆಸೇಜು ತಾನಾಗಿಯೇ ಎಷ್ಟು ಹೊತ್ತು ಉರಿದೀತು? ಅದರ ಕೆಳಗೆ ಕೈ ಮುಗಿದ ಚಿತ್ರ ಹಾಕಿದವರು, "ಆಮೆನ್" ಅಂದವರು, ಆಮೇಲೆ ಫೋನ್ ಮಾಡಿ "ಯಾರಂತೆ?" ಅಂದವರು, ಇವರೆಲ್ಲ ಒಂದೊಂದು ಕಂತೆ ತಳ್ಳಿದರು. ಎರಡೇ ವಚನ ಆದಮೇಲೆ, 26:22ರಲ್ಲಿ, ಚಾಡಿಯ ಮಾತು ರುಚಿಯಾದ ತುತ್ತಿನ ಹಾಗೆ ಹೊಟ್ಟೆಯೊಳಗೆ ಇಳಿಯುತ್ತದೆ ಅಂತ ಬರುತ್ತದೆ. ಇದೇ ಮಾತು 18:8ರಲ್ಲಿ ಹಾಗೆ ಹಾಗೇ ಇದೆ. ಒಂದೇ ಪುಸ್ತಕದಲ್ಲಿ ಎರಡು ಸಲ. ತಿನ್ನುವವರಿಗೆ ರುಚಿ ಅಂತ ಒಪ್ಪಿಕೊಂಡಿರುವುದು ನನಗೆ ಇಷ್ಟ. ಚಾಡಿ ಕೇಳಲು ಚೆನ್ನಾಗಿರುತ್ತದೆ. ಇಲ್ಲ ಅಂದರೆ ಸುಳ್ಳು.

ಕೇಳಿಸಿಕೊಳ್ಳುವವರ ತಪ್ಪಿನ ಬಗ್ಗೆ ಇನ್ನೊಂದು ಕಥೆ ಹೇಳಲೇಬೇಕು. ಎರಡನೇ ಸಮುವೇಲ 16. ಈಗ ದಾವೀದನೇ ಅರಸ. ಮಗ ಅಬ್ಷಾಲೋಮ ತಿರುಗಿಬಿದ್ದಿದ್ದಾನೆ, ದಾವೀದ ಅರಮನೆ ಬಿಟ್ಟು ಓಡುತ್ತಿದ್ದಾನೆ. ದಾರಿಯಲ್ಲಿ ಚೀಬ ಎಂಬ ಸೇವಕ ಕತ್ತೆಗಳ ಮೇಲೆ 200 ರೊಟ್ಟಿ, 100 ಗೊಂಚಲು ಒಣದ್ರಾಕ್ಷಿ, ಹಣ್ಣು, ದ್ರಾಕ್ಷಾರಸ ಹೇರಿಕೊಂಡು ಬರುತ್ತಾನೆ. ನಿನ್ನ ಯಜಮಾನ, ಸೌಲನ ಮೊಮ್ಮಗ ಮೆಫೀಬೋಶೆತ ಎಲ್ಲಿ ಅಂತ ಕೇಳಿದರೆ, ರಾಜ್ಯ ತನಗೇ ಸಿಗುತ್ತದೆ ಅಂತ ಊರಲ್ಲೇ ಉಳಿದ ಅನ್ನುತ್ತಾನೆ. ದಾವೀದ ಹಸಿದಿದ್ದ, ನೊಂದಿದ್ದ. ನಿಂತ ಜಾಗದಲ್ಲೇ ತೀರ್ಪು ಕೊಟ್ಟುಬಿಟ್ಟ: ಅವನ ಆಸ್ತಿಯೆಲ್ಲ ಇನ್ನು ನಿನ್ನದು.

ಯುದ್ಧ ಮುಗಿದ ಮೇಲೆ, 19ನೇ ಅಧ್ಯಾಯದಲ್ಲಿ, ಮೆಫೀಬೋಶೆತ ಎದುರಿಗೆ ಬರುತ್ತಾನೆ. ಅರಸ ಊರು ಬಿಟ್ಟ ದಿನದಿಂದ ಕಾಲಿನ ಆರೈಕೆ ಇಲ್ಲ, ಮೀಸೆ ಕತ್ತರಿಸಿಲ್ಲ, ಬಟ್ಟೆ ಒಗೆದಿಲ್ಲ. ನಾನೂ ಬರಬೇಕು ಅಂತಿದ್ದೆ, ಸೇವಕ ಮೋಸ ಮಾಡಿ ನನ್ನ ಮೇಲೆ ಚಾಡಿ ಹೇಳಿದ ಅನ್ನುತ್ತಾನೆ. ಇಲ್ಲಿ ಚಾಡಿಗೆ ಇರುವ ಹೀಬ್ರೂ ಕ್ರಿಯಾಪದ, 'ಕಾಲು' ಎಂಬ ಪದದ ಜೊತೆಗೇ ಹುಟ್ಟಿದ್ದು. ಮತ್ತೆ ಅದೇ ತಿರುಗಾಟದ ಮಾತು. ಮೆಫೀಬೋಶೆತನಿಗೆ ಎರಡೂ ಕಾಲು ಕುಂಟು. ನಡೆಯಲಾರದವನ ಮೇಲೆ ಕಾಲು ಬಂದ ಮಾತು. ಬರೆದವರು ಇದನ್ನು ಬೇಕೆಂದೇ ಇಟ್ಟರೋ ಏನೋ, ನನಗಂತೂ ಅಲ್ಲಿ ಹೊಟ್ಟೆ ಚುರುಕ್ ಅನ್ನುತ್ತದೆ.

ಆಗ ದಾವೀದ ಏನು ಮಾಡಿದ? ತಪ್ಪಾಯಿತು ಅನ್ನಲಿಲ್ಲ. ಆಸ್ತಿ ಇಬ್ಬರೂ ಹಂಚಿಕೊಳ್ಳಿ ಅಂದ. ಅಷ್ಟು ದೊಡ್ಡ ಅರಸನಿಗೂ ಒಂದು ಕಡೆಯ ಮಾತು ಕೇಳಿ ಕೊಟ್ಟ ತೀರ್ಪನ್ನು ಪೂರ್ತಿ ವಾಪಸ್ ತೆಗೆದುಕೊಳ್ಳಲು ಆಗಲಿಲ್ಲ.

ನನಗೂ ಆಗಿಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ಒಂದು ಸಭೆಯ ಸಂಡೇ ಸ್ಕೂಲಿನ ಜವಾಬ್ದಾರಿ ನನ್ನ ಮೇಲಿತ್ತು. ಪಾಠ ಮಾಡುತ್ತಿದ್ದ ಒಬ್ಬ ಹುಡುಗ ಮೂರು ಭಾನುವಾರ ಬರಲಿಲ್ಲ. ಕ್ರಿಕೆಟ್ ಆಡುತ್ತಾ ಇರುತ್ತಾನೆ ಅಂತ ಒಬ್ಬರು ಬಹಳ ಮೆತ್ತಗೆ ಹೇಳಿದರು. ಪಟ್ಟಿಯಿಂದ ಹೆಸರು ತೆಗೆದೆ. ಅವನನ್ನು ಒಂದು ಮಾತು ಕೇಳಲಿಲ್ಲ. ಮುಂದಿನ ವಾರ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಟಿಫನ್ ಕ್ಯಾರಿಯರ್ ಹಿಡಿದು ನಿಂತಿದ್ದ. ತಾಯಿ ಆಸ್ಪತ್ರೆಯಲ್ಲಿದ್ದರು, ಅಡುಗೆ ಮಾಡಿ ಊಟ ಒಯ್ಯುತ್ತಿದ್ದವನು ಇವನೊಬ್ಬನೇ. ಹೆಸರು ಮತ್ತೆ ಸೇರಿಸಿದೆ. ಅವನು ಬರಲಿಲ್ಲ. "ಮೊದಲು ಮಾತಾಡಿದವನೇ ಸರಿ ಅನ್ನಿಸುತ್ತದೆ, ಎದುರುಗಡೆಯವನು ಬಂದು ಪ್ರಶ್ನೆ ಕೇಳುವ ತನಕ" ಎಂಬ ಅರ್ಥದ ವಚನ ಜ್ಞಾನೋಕ್ತಿಗಳು 18:17ರಲ್ಲಿದೆ. ಅದನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದವನು. ಯಾಕೋಬನು ನಾಲಿಗೆಯ ಬಗ್ಗೆ ಬರೆದ ಮೂರನೇ ಅಧ್ಯಾಯ ಶುರುವಾಗುವುದೇ "ನಿಮ್ಮಲ್ಲಿ ಬಹಳ ಮಂದಿ ಬೋಧಕರಾಗಬೇಡಿ" ಅಂತ. ಸುಮ್ನೆ ಹೇಳಿದ್ದಲ್ಲ.

ಈಗ ನಿಮ್ಮ ಅಯ್ಯನವರು ಹೇಳಿದ "ಸುಮ್ಮನಿರಿ". ಅವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಬೈಬಲ್ ಎಲ್ಲ ಕಡೆ ಹಾಗೆ ಹೇಳುವುದಿಲ್ಲ. ಯೇಸು ವಿಚಾರಣೆಯಲ್ಲಿ ಮೌನವಾಗಿದ್ದ, ಸರಿ. ಅದೇ ರಾತ್ರಿ ಒಬ್ಬ ಕೆನ್ನೆಗೆ ಹೊಡೆದಾಗ, ನಾನು ತಪ್ಪು ಮಾತಾಡಿದ್ದರೆ ಏನು ತಪ್ಪು ಅಂತ ಹೇಳು, ಇಲ್ಲದಿದ್ದರೆ ಯಾಕೆ ಹೊಡೆಯುತ್ತೀ ಅಂತ ಕೇಳಿದ್ದೂ ಇದೆ (ಯೋಹಾನ 18:23). ಸುಳ್ಳು ಆರೋಪಕ್ಕೆ ಉತ್ತರ ಕೊಡುವುದು ಪಾಪವಲ್ಲ.

ಅದರಲ್ಲೂ ನಿಮ್ಮದು ದುಡ್ಡಿನ ವಿಷಯ. ಪೌಲನ ಮೇಲೂ ಇದೇ ಮಾತು ಬಂದಿತ್ತು ಗೊತ್ತಾ? ಯೆರೂಸಲೇಮಿನ ಬಡವರಿಗೆಂದು ಹಣ ಕೂಡಿಸುತ್ತಿದ್ದಾಗ ಅವನ ಮೇಲೆ ಅನುಮಾನ ಪಟ್ಟವರಿದ್ದರು. ನಾನು ಕಳಿಸಿದವರಲ್ಲಿ ಯಾರ ಮೂಲಕವಾದರೂ ನಿಮ್ಮನ್ನು ವಂಚಿಸಿದೆನಾ ಅಂತ ಅವನು ಎದುರಿಗೇ ಕೇಳುತ್ತಾನೆ (2 ಕೊರಿಂಥ 12:17-18). ಅದಕ್ಕೂ ಮುಂಚೆ, 8:19-21ರಲ್ಲಿ, ತಾನು ತೆಗೆದುಕೊಂಡ ಎಚ್ಚರಿಕೆ ಹೇಳಿದ್ದಾನೆ. ಹಣದ ಜೊತೆ ಹೋಗಲು ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರ ಇದ್ದ. ಕರ್ತನ ಮುಂದೆ ಮಾತ್ರ ಅಲ್ಲ, ಜನರ ಮುಂದೆಯೂ ಸರಿಯಾಗಿರಬೇಕು ಅಂತ. "ದೇವರಿಗೆ ಗೊತ್ತು" ಅಂತ ಪೌಲನೇ ಕೈ ಕಟ್ಟಿ ಕೂರಲಿಲ್ಲ. ನೀವೂ ಲೆಕ್ಕದ ಪುಸ್ತಕ, ರಸೀದಿ ಎಲ್ಲ ಕೂಟದ ಮುಂದೆ ಇಡಿ. ನೋಡಲು ಇಬ್ಬರನ್ನು ಅವರೇ ಆರಿಸಲಿ. ಮೂರು ವರ್ಷ ಒಬ್ಬರೇ ಲೆಕ್ಕ ನೋಡಿಕೊಂಡದ್ದು ನಿಮ್ಮ ತಪ್ಪಲ್ಲ, ಆದರೆ ಒಳ್ಳೆ ಪದ್ಧತಿಯೂ ಅಲ್ಲ.

ಇಲ್ಲಿ ಒಂದು ಮಾತು ಜೋರಾಗಿ ಹೇಳಬೇಕು. ಚಾಡಿಯ ವಚನಗಳನ್ನು ಹಿಡಿದು, ನೊಂದವರ ಬಾಯಿ ಮುಚ್ಚಿಸುವವರೂ ನಮ್ಮಲ್ಲಿ ಇದ್ದಾರೆ. ನಿಜವಾಗಿ ಹಣ ತಿಂದಿದ್ದರೆ, ಮಕ್ಕಳ ಮೇಲೆ ಹೆಂಗಸರ ಮೇಲೆ ಕೈ ಮಾಡಿದ್ದರೆ, ಅದನ್ನು ಹೇಳಬೇಕಾದ ಕಡೆ ಹೇಳುವುದು ಚಾಡಿಯಲ್ಲ. ಯಾಜಕಕಾಂಡ 19:16ರ ಎರಡನೇ ಅರ್ಧ ನೆರೆಯವನ ಪ್ರಾಣದ ವಿಷಯ ಹೇಳುತ್ತದೆ. ಅವನ ರಕ್ತ ಹರಿಯುವಾಗ ಸುಮ್ಮನೆ ನಿಲ್ಲಬೇಡ ಅಂತ ಅದನ್ನು ಓದುವವರು ಬಹಳ. ಹಿರಿಯರ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿ ಇದ್ದರೆ ತೆಗೆದುಕೋ, ತಪ್ಪು ಮಾಡಿದವರನ್ನು ಎಲ್ಲರ ಮುಂದೆ ಗದರಿಸು ಅಂತ ಪೌಲ ತಿಮೊಥೆಗೆ ಬರೆದಿದ್ದಾನೆ (1 ತಿಮೊಥೆ 5:19-20). ಕೊರಿಂಥದ ಜಗಳದ ಸುದ್ದಿ ಅವನಿಗೆ ತಿಳಿದದ್ದು ಖ್ಲೋಯೆ ಎಂಬವಳ ಮನೆಯವರಿಂದ. ಅದನ್ನು ಅವನು ಹೆಸರು ಹಿಡಿದೇ ಹೇಳುತ್ತಾನೆ (1 ಕೊರಿಂಥ 1:11). "ಯಾರೋ ಹೇಳಿದರು" ಅನ್ನುವುದಿಲ್ಲ. ಹೆಸರು ಹಾಕಿಕೊಂಡು ದೂರು ಕೊಡುವವರಿಗೂ ಹೆಸರಿಲ್ಲದೆ ಪ್ರಾರ್ಥನೆ ಕೇಳುವವರಿಗೂ ಇರುವ ಅಂತರ ಇದೇ.

ಕೇಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಾನು ವಕೀಲನಲ್ಲ. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನಲ್ಲಿ ಬರುತ್ತದೆ. 2024ರ ಜುಲೈ 1ಕ್ಕೆ ಮುಂಚೆ ಐಪಿಸಿ 499, 500 ಇತ್ತು. ಎರಡು ವರ್ಷದವರೆಗೆ ಸಜೆ ಆಗಬಹುದು. ಯಜಮಾನರಿಗೆ ಒಂದು ಅಂಶ ತೋರಿಸಿ: ಅಲ್ಲೂ ನಿಜ ಅನ್ನುವುದೊಂದೇ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕರ ಹಿತಕ್ಕಾಗಿ ಅನ್ನುವುದೂ ಬೇಕು. ಆ ಹುಡುಗನ ಸಾಲದ ಮಾತು ಯಾವ ಹಿತಕ್ಕೆ ಹೇಳಿದ್ದು ಅಂತ ಅವರ ಕಡೆಯವರೂ ಕೇಳಬಹುದು. ಸಹೋದರರು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುವುದನ್ನು ಪೌಲ ಒಪ್ಪುವುದಿಲ್ಲ (1 ಕೊರಿಂಥ 6). ನಿಮ್ಮ ವಿಷಯ ಅಷ್ಟು ದೂರ ಹೋಗುವಂಥದ್ದಲ್ಲ ಅಂತ ನನಗೂ ಅನ್ನಿಸುತ್ತದೆ.

ಮಾಡಬೇಕಾದದ್ದು ಮತ್ತಾಯ 18:15-17ರಲ್ಲಿದೆ. ನಿನ್ನ ಸಹೋದರ ತಪ್ಪು ಮಾಡಿದರೆ ಹೋಗು, ನೀವಿಬ್ಬರೇ ಇರುವಾಗ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಆಗದಿದ್ದರೆ ಸಭೆಗೆ ತಿಳಿಸು. ಆ ಸಹೋದರಿ ಮೂರನೇ ಮೆಟ್ಟಿಲಿಗೆ ಒಂದೇ ಸಲ ಹಾರಿದರು. ನೀವು ಮೊದಲನೇ ಮೆಟ್ಟಿಲಿನಿಂದ ಶುರು ಮಾಡಿ.

ಆದರೆ ಹೋದ ಕೂಡಲೇ ವಾಟ್ಸಾಪ್ ಮಾತು ತೆಗೆಯಬೇಡಿ. ಲೆಕ್ಕದ ಪುಸ್ತಕವನ್ನೂ ಒಯ್ಯಬೇಡಿ, ಅದು ಕೂಟಕ್ಕೆ. ಮೊದಲು ಮಗನ ವಿಷಯ. "ನಿಮ್ಮ ಮಗನ ಬಗ್ಗೆ ಇಂಥಿಂಥವರ ಹತ್ತಿರ ಮಾತಾಡಿದೆ, ಆಡಬಾರದಿತ್ತು" ಅಂತ ಹೇಳಿ. ಹಾಗೆ ಹೇಳುವ ಮುಂಚೆ ಆ ಇಬ್ಬರು ಮೂವರಿಗೂ ಫೋನ್ ಮಾಡಿ, ತಪ್ಪಾಯಿತು, ಇದನ್ನು ಮುಂದಕ್ಕೆ ಹೇಳಬೇಡಿ ಅಂತ ತಿಳಿಸಿರಬೇಕು. ಇಲ್ಲದಿದ್ದರೆ ಆ ಸಹೋದರಿಯ ಹತ್ತಿರ ನೀವು ಆಡುವ ಮಾತು ಅರ್ಧವೇ ಆಗುತ್ತದೆ. ಅವರು ಬೈದರೂ ಬೈಯಬಹುದು. ಮಗನ ಹೆಸರು ಬಂದಾಗ ತಾಯಿ ಬೈಯದೆ ಇರುತ್ತಾಳಾ? ಹಣದ ಮಾತು ಅವರಾಗಿ ತೆಗೆದರೆ ಉತ್ತರ ಕೊಡಿ. ತೆಗೆಯದಿದ್ದರೆ ಇನ್ನೊಂದು ದಿನ ಹೋಗಿ.

ಭಾನುವಾರ ಆರಾಧನೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತು ಮಾತಾಡಬೇಡಿ, ಎಲ್ಲರ ಕಿವಿಯೂ ಆ ಕಡೆಯೇ ಇರುತ್ತದೆ. ವಾರದ ಒಂದು ದಿನ ಮಧ್ಯಾಹ್ನ, ಅವರ ಮನೆಯಲ್ಲಿ ಊಟ ಮುಗಿದಿರುವ ಹೊತ್ತು ನೋಡಿ ಹೋಗಿ. ಒಬ್ಬರೇ ಹೋಗಿ. ಯಜಮಾನರು ಬರುತ್ತೇನೆ ಅಂದರೆ ಬಸ್ ಸ್ಟಾಪಿನಲ್ಲಿ ಕಾಯಲಿ.